ಎಲ್ಲವೂ ಬ್ರಹ್ಮವೇ ಆದರೆ ತಟ್ಟೆಯಲ್ಲಿ ಏನಿರಬೇಕು?

ವೇದಾಂತದ ಪ್ರವಚನದ ಕೊನೆಗೆ ಪ್ರಶ್ನೆ ಕೇಳಲು ಅವಕಾಶ ಕೊಟ್ಟರೆ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ: "ಎಲ್ಲವೂ ಬ್ರಹ್ಮವೇ ಆದ ಮೇಲೆ ಕುರಿಯೂ ಬ್ರಹ್ಮ, ಕುಂಬಳಕಾಯಿಯೂ ಬ್ರಹ್ಮ. ಒಂದನ್ನು ಕೊಯ್ದರೆ ಹಿಂಸೆ, ಇನ್ನೊಂದನ್ನು ಹೆಚ್ಚಿದರೆ ಅಡುಗೆ ಎನ್ನುವುದು ಹೇಗೆ?" ಪ್ರಶ್ನೆ ಸರಿಯಾಗಿಯೇ ಇದೆ. ಸಿಗುವ ಉತ್ತರಗಳಲ್ಲಿಯೇ ತೊಡಕು. ಜ್ಞಾನಿಗೆ ವಿಧಿನಿಷೇಧಗಳಿಲ್ಲ, ಏನು ತಿಂದರೂ ಒಂದೇ ಎಂದು ಕೆಲವರು ಹೇಳಿಬಿಡುತ್ತಾರೆ. ಮಾಂಸ ತಾಮಸ ಆಹಾರ, ಅದನ್ನು ತಿನ್ನುವವರಿಗೆ ಅಧ್ಯಾತ್ಮ ದಕ್ಕುವುದಿಲ್ಲ ಎಂದು ಇನ್ನು ಕೆಲವರು ತೀರ್ಪು ಕೊಡುತ್ತಾರೆ. ಎರಡೂ ಕಡೆಯವರು ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಂದರೊಳಗೊಂದು ಕಲಸಿಬಿಟ್ಟಿರುತ್ತಾರೆ.

ಮೊದಲನೆಯದು ಶುದ್ಧಿಯ ಪ್ರಶ್ನೆ: ಈ ಆಹಾರ ನನ್ನನ್ನು ಮೈಲಿಗೆ ಮಾಡುತ್ತದೆಯೇ? ಎರಡನೆಯದು ನೋವಿನ ಪ್ರಶ್ನೆ: ಈ ಆಹಾರಕ್ಕಾಗಿ ಯಾರಿಗೆ ಏನಾಯಿತು? ಅದ್ವೈತ ಚಿಂತನೆ ಮೊದಲನೆಯ ಪ್ರಶ್ನೆಯ ಬುಡವನ್ನೇ ಸಡಿಲಿಸುತ್ತದೆ, ಎರಡನೆಯದನ್ನು ಇನ್ನಷ್ಟು ಬಿಗಿಗೊಳಿಸುತ್ತದೆ ಎಂಬುದು ನನ್ನ ವಾದ. ನಮ್ಮಲ್ಲಿ ಬಹುಕಾಲ ನಡೆದುಬಂದದ್ದು ಇದಕ್ಕೆ ತಿರುಗುಮುರುಗು. ಶುದ್ಧಿಯ ಬಗ್ಗೆ ಅತಿ ಎಚ್ಚರ, ನೋವಿನ ಬಗ್ಗೆ ಜಾಣ ಮರೆವು.

ಅದ್ವೈತ ಹೇಳುವುದನ್ನು ಮೊದಲು ನೇರವಾಗಿ ನೋಡೋಣ. ಇರುವುದು ಒಂದೇ ಚೈತನ್ಯ. ನಾನು, ನೀನು, ಕುರಿ, ಮರ ಎಂಬ ಭೇದಗಳು ಕೊನೆಯ ಸತ್ಯವಲ್ಲ. ಇದು ಪರಮಾರ್ಥದ ನೆಲೆ. ಆದರೆ ಹಸಿವು, ಊಟ, ಗಾಯ, ಸಾವು ಇರುವುದು ವ್ಯವಹಾರದ ನೆಲೆಯಲ್ಲಿ. ಶಂಕರರು ಈ ಎರಡನೆಯ ನೆಲೆಯನ್ನು ಸುಳ್ಳೆಂದು ತಳ್ಳಿಹಾಕುವುದಿಲ್ಲ. ಜ್ಞಾನ ಉದಯಿಸುವವರೆಗೆ ಅದರ ನಿಯಮಗಳೆಲ್ಲ ಊರ್ಜಿತ ಎನ್ನುತ್ತಾರೆ. ಆತ್ಮ ಕೊಲ್ಲುವುದೂ ಇಲ್ಲ, ಕೊಲೆಯಾಗುವುದೂ ಇಲ್ಲ ಎಂದು ಗೀತೆಯ ಎರಡನೆಯ ಅಧ್ಯಾಯ ಹೇಳುವ ಮಾತು ಪರಮಾರ್ಥದ್ದು. ಅದನ್ನು ತಂದು ಕಟುಕನ ಅಂಗಡಿಯ ಮುಂದೆ ನಿಲ್ಲಿಸುವವರು ಅರ್ಧ ದಾರಿಯಲ್ಲಿ ನೆಲೆ ಬದಲಾಯಿಸುತ್ತಾರೆ. ಪರಮಾರ್ಥದಲ್ಲಿ ಕುರಿ ಸಾಯುವುದಿಲ್ಲ ಎನ್ನುವುದಾದರೆ ಅದೇ ಪರಮಾರ್ಥದಲ್ಲಿ ತಿನ್ನುವವನಿಗೆ ಹಸಿವಿಲ್ಲ, ನಾಲಿಗೆಯಿಲ್ಲ, ರುಚಿಯಿಲ್ಲ. ತನ್ನ ಹಸಿವನ್ನು ನಿಜವೆಂದು ಇಟ್ಟುಕೊಂಡು ಕುರಿಯ ನೋವನ್ನು ಮಾತ್ರ ಮಾಯೆ ಎನ್ನಲು ಯಾವ ಶಾಸ್ತ್ರವೂ ಅವಕಾಶ ಕೊಡುವುದಿಲ್ಲ. ಕನಸಿನಲ್ಲಿ ಹಸಿದವನಿಗೆ ಕನಸಿನ ಅನ್ನ ಬೇಕಾಗುತ್ತದೆ ಎಂದರೆ ಕನಸಿನಲ್ಲಿ ಹೊಡೆಸಿಕೊಂಡವನಿಗೂ ಆ ಕನಸಿನೊಳಗೆ ನೋವಾಗಿಯೇ ಆಗುತ್ತದೆ.

ಈ ದುರುಪಯೋಗ ಹೊಸದಲ್ಲ. ಶಂಕರರ ಶಿಷ್ಯರಾದ ಸುರೇಶ್ವರರಿಗೇ ಇದನ್ನು ಎದುರಿಸಬೇಕಾಗಿ ಬಂದಿತ್ತು. ಅವರ 'ನೈಷ್ಕರ್ಮ್ಯಸಿದ್ಧಿ'ಯಲ್ಲಿ ಬಲು ಖಾರವಾದ ಒಂದು ಶ್ಲೋಕವಿದೆ: "ಬುದ್ಧಾದ್ವೈತಸತತ್ತ್ವಸ್ಯ ಯಥೇಷ್ಟಾಚರಣಂ ಯದಿ, ಶುನಾಂ ತತ್ತ್ವದೃಶಾಂ ಚೈವ ಕೋ ಭೇದೋಽಶುಚಿಭಕ್ಷಣೇ." ಅದ್ವೈತವನ್ನು ಅರಿತವನು ಮನಸ್ಸಿಗೆ ಬಂದಂತೆ ನಡೆಯುವುದಾದರೆ, ಹೊಲಸು ತಿನ್ನುವ ವಿಷಯದಲ್ಲಿ ನಾಯಿಗೂ ತತ್ತ್ವಜ್ಞಾನಿಗೂ ಏನು ವ್ಯತ್ಯಾಸ ಎಂಬುದು ಇದರ ತಾತ್ಪರ್ಯ. 14ನೇ ಶತಮಾನದಲ್ಲಿ ವಿದ್ಯಾರಣ್ಯರ 'ಪಂಚದಶಿ'ಯೂ ಆಮೇಲೆ ಸದಾನಂದರ 'ವೇದಾಂತಸಾರ'ವೂ ಇದೇ ಶ್ಲೋಕವನ್ನು ಎತ್ತಿಕೊಂಡವು. ಹೊರಗಿನವರ ಆಕ್ಷೇಪಕ್ಕಿಂತ ಒಳಗಿನವರ ಸಡಿಲತೆಯೇ ಈ ಆಚಾರ್ಯರನ್ನು ಹೆಚ್ಚು ಕಾಡಿತ್ತು ಎಂದು ನನಗೆ ಅನ್ನಿಸುವುದು ಅದಕ್ಕೇ.

ಅವರಿಗೆ ಉತ್ತರಿಸಬೇಕಾಗಿದ್ದ ಒಂದು ಶ್ರುತಿವಾಕ್ಯವೂ, ಅಂದರೆ ವೇದದ ಮಾತೂ ಇತ್ತು. ಪ್ರಾಣತತ್ತ್ವವನ್ನು ಬಲ್ಲವನಿಗೆ ಅನ್ನವಲ್ಲದ್ದು ಯಾವುದೂ ಇಲ್ಲ ಎಂದು ಛಾಂದೋಗ್ಯ ಉಪನಿಷತ್ತೇ ಹೇಳುತ್ತದೆ. ಇದು ಪರವಾನಗಿಯೇ? ಉಪನಿಷತ್ತುಗಳ ಮಾತುಗಳನ್ನು ಸೂತ್ರಗಳಲ್ಲಿ ವಿಚಾರಿಸುವ ಬ್ರಹ್ಮಸೂತ್ರದ ಮೂರನೆಯ ಅಧ್ಯಾಯ ಇದನ್ನು ವಿಚಾರಣೆಗೆ ತೆಗೆದುಕೊಂಡು, ಎಲ್ಲ ಅನ್ನಕ್ಕೂ ಅನುಮತಿ ಇರುವುದು ಪ್ರಾಣ ಹೋಗುವ ಸಂದರ್ಭದಲ್ಲಿ ಮಾತ್ರ ಎಂದು ನಿರ್ಣಯಿಸುತ್ತದೆ. ಶಂಕರರ ಭಾಷ್ಯದ ಪ್ರಕಾರ ಆ ವಾಕ್ಯ ಪ್ರಾಣವಿದ್ಯೆ ಎಂಬ ಉಪಾಸನೆಯ ಸ್ತುತಿ, ವಿಧಿಯಲ್ಲ. ಅದಕ್ಕೆ ಆಧಾರವಾಗಿ ಬರುವ ಕಥೆಯೂ ಛಾಂದೋಗ್ಯದ್ದೇ. ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಕುರುದೇಶದ ಬೆಳೆ ಆಲಿಕಲ್ಲಿಗೆ ಸಿಕ್ಕಿ ನೆಲಸಮವಾಗಿತ್ತು. ಉಷಸ್ತಿ ಚಾಕ್ರಾಯಣ ಎಂಬ ವಿದ್ವಾಂಸ ಎಳೆಯ ಹೆಂಡತಿಯೊಡನೆ ಆನೆ ಸಾಕುವವರ ಊರೊಂದಕ್ಕೆ ಬಂದು ದಿಕ್ಕಿಲ್ಲದೆ ಉಳಿದಿದ್ದ. ಒಬ್ಬ ಆನೆಯ ಒಡೆಯ ಕಳಪೆ ಕಾಳು ತಿನ್ನುತ್ತಾ ಕುಳಿತಿರುವುದನ್ನು ಕಂಡು ಕೈಯೊಡ್ಡಿದ. "ನನ್ನ ಮುಂದೆ ಹಾಕಿರುವ ಇಷ್ಟನ್ನು ಬಿಟ್ಟರೆ ಬೇರೆ ಇಲ್ಲ" ಎಂದ ಆತ. "ಅದರಲ್ಲೇ ಕೊಡು" ಎಂದ ಉಷಸ್ತಿ. ಕೊಟ್ಟ. ತಿಂದಾದ ಮೇಲೆ ಆತ ನೀರು ಕೊಡಲು ಬಂದಾಗ ಉಷಸ್ತಿ ಬೇಡವೆಂದ: "ಕುಡಿದರೆ ಎಂಜಲು ಕುಡಿದಂತಾಗುತ್ತದೆ." "ಕಾಳು ಎಂಜಲಾಗಿರಲಿಲ್ಲವೇ?" "ಅದನ್ನು ತಿನ್ನದಿದ್ದರೆ ನಾನು ಬದುಕುತ್ತಿರಲಿಲ್ಲ. ನೀರು ನನಗೆ ಬೇಕೆಂದಲ್ಲಿ ಸಿಗುತ್ತದೆ." ಉಳಿದದ್ದನ್ನು ಹೆಂಡತಿಗೆ ಒಯ್ದ. ಅವಳಿಗೆ ಅಷ್ಟರಲ್ಲಿ ಬೇರೆ ಭಿಕ್ಷೆ ಸಿಕ್ಕಿತ್ತು, ತೆಗೆದಿಟ್ಟಳು. ಮರುದಿನ ಬೆಳಿಗ್ಗೆ ಅದೇ ಹಳಸಿದ ಕಾಳನ್ನು ತಿಂದು ರಾಜನ ಯಜ್ಞಕ್ಕೆ ಹೊರಟ.

ಕಥೆ ಎಂಜಲಿನದು, ಅಂದರೆ ಶುದ್ಧಿಯ ಲೋಕದ್ದು. ಆದರೆ ಅದರೊಳಗೆ ಅಡಗಿರುವ ಒರೆಗಲ್ಲು ಶುದ್ಧಿಯದಲ್ಲ. ಒಂದೇ ಕೈಯಿಂದ, ಒಂದೇ ಗಳಿಗೆಯಲ್ಲಿ ಬಂದ ಕಾಳಿಗೆ ಒಪ್ಪಿಗೆ, ನೀರಿಗೆ ನಿರಾಕರಣೆ. ವ್ಯತ್ಯಾಸ ಆ ಪದಾರ್ಥಗಳಲ್ಲಿ ಇಲ್ಲ, ಉಷಸ್ತಿಯ ಅಗತ್ಯದಲ್ಲಿದೆ. ಬದುಕಲು ಬೇಕಾದದ್ದು ಬೇರೆ, ಬಯಕೆಗೆ ಬೇಕಾದದ್ದು ಬೇರೆ. ಇದೇ ಪ್ರಕರಣದ ಕೊನೆಯ ಸೂತ್ರ ಮನಸ್ಸಿಗೆ ಬಂದಂತೆ ನಡೆಯುವುದನ್ನು ಶ್ರುತಿಯೇ ತಡೆಯುತ್ತದೆ ಎನ್ನುತ್ತದೆ. ಈ ಒರೆಗಲ್ಲನ್ನು ನಾನು ನೋವಿನ ಪ್ರಶ್ನೆಗೆ ಒಯ್ಯುತ್ತೇನೆ. ಅದಕ್ಕೆ ಮೊದಲು ಶುದ್ಧಿಯ ವಿಷಯವನ್ನು ಮುಗಿಸಬೇಕು.

ಆಹಾರ ಶುದ್ಧವಾದರೆ ಅಂತಃಕರಣ ಶುದ್ಧ, ಅಂತಃಕರಣ ಶುದ್ಧವಾದರೆ ಸ್ಮೃತಿ ಸ್ಥಿರ ಎಂಬ ಮಾತು ಛಾಂದೋಗ್ಯದ ಏಳನೆಯ ಅಧ್ಯಾಯದ ಕೊನೆಯಲ್ಲಿದೆ. ಸಸ್ಯಾಹಾರದ ಪರವಾಗಿ ಇದಕ್ಕಿಂತ ಹೆಚ್ಚು ಉದ್ಧರಿಸಲ್ಪಟ್ಟ ವಾಕ್ಯ ಇರಲಾರದು. ಇದರ ಮೇಲೆ ರಾಮಾನುಜರಿಗೂ ಶಂಕರರಿಗೂ ಇರುವ ಭಿನ್ನಾಭಿಪ್ರಾಯ ಮಾತ್ರ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ರಾಮಾನುಜರು ಆಹಾರವೆಂದರೆ ಅನ್ನವೇ ಎಂದು ಹಿಡಿಯುತ್ತಾರೆ. ಪದಾರ್ಥದ ಜಾತಿಯಿಂದ, ಕೊಟ್ಟವರಿಂದ, ಬಿದ್ದ ಕೂದಲು ಕಸದಂಥ ನಿಮಿತ್ತದಿಂದ ಅದಕ್ಕೆ ದೋಷ ಬರುತ್ತದೆ, ಆ ಮೂರನ್ನೂ ನೋಡಿ ಉಣ್ಣಬೇಕು ಎನ್ನುತ್ತಾರೆ. ಶಂಕರರು ಹಿಡಿದ ದಾರಿ ಬೇರೆ. ಇಂದ್ರಿಯಗಳ ಮೂಲಕ ಒಳಗೆ ಬರುವ ಶಬ್ದಾದಿ ವಿಷಯಗಳ ಅರಿವೆಲ್ಲವೂ ಅವರಿಗೆ ಆಹಾರ. ರಾಗ, ದ್ವೇಷ, ಮೋಹಗಳ ಸೋಂಕಿಲ್ಲದೆ ಅದನ್ನು ಬರಮಾಡಿಕೊಳ್ಳುವುದೇ ಶುದ್ಧಿ. ಅದ್ವೈತದ ಮೂಲಪುರುಷರಲ್ಲಿ ಮಡಿ ಅಡುಗೆಮನೆಯಿಂದ ಮನಸ್ಸಿಗೆ ಸ್ಥಳಾಂತರವಾಗುತ್ತದೆ. ಅನ್ನ ಮನಸ್ಸನ್ನು ರೂಪಿಸುತ್ತದೆ ಎಂಬುದನ್ನು ಇದು ಅಲ್ಲಗಳೆಯುವುದಿಲ್ಲ. ಹದಿನೈದು ದಿನ ಬರೀ ನೀರು ಕುಡಿದ ಶ್ವೇತಕೇತುವಿಗೆ ಕಲಿತ ವೇದವೇ ನೆನಪಿಗೆ ಬಾರದ ಪ್ರಸಂಗವೂ ಇದೇ ಉಪನಿಷತ್ತಿನದು. ಅಲ್ಲಿ ಮನಸ್ಸಿಗೆ ಬೇಕಾದದ್ದು ಅನ್ನ. ಯಾರ ಮನೆಯ ಅನ್ನ ಎಂಬ ಮಾತೇ ಬರುವುದಿಲ್ಲ.

ಗೀತೆಯ ಹದಿನೇಳನೆಯ ಅಧ್ಯಾಯವೂ ಸಾತ್ವಿಕ, ರಾಜಸ, ತಾಮಸ ಆಹಾರಗಳನ್ನು ಗುಣ ಪರಿಣಾಮಗಳಿಂದ ಗುರುತಿಸುತ್ತದೆ. ರಸವತ್ತಾದದ್ದು, ಸ್ನಿಗ್ಧವಾದದ್ದು, ಅತಿ ಖಾರದ್ದು, ಹಳಸಿದ್ದು ಎನ್ನುತ್ತದೆಯೇ ಹೊರತು ಮಾಂಸ ಎಂಬ ಹೆಸರನ್ನೇ ಎತ್ತುವುದಿಲ್ಲ.

ಶುದ್ಧಿಯ ಪ್ರಶ್ನೆ ನಮ್ಮಲ್ಲಿ ಬರಿಯ ಊಟದ ಪ್ರಶ್ನೆಯಾಗಿ ಉಳಿಯಲಿಲ್ಲ. ಯಾರ ಜೊತೆ ಉಣ್ಣಬಹುದು, ಯಾರ ಕೈಯ ನೀರು ಆದೀತು, ಯಾರಿಗೆ ಮನೆ ಬಾಡಿಗೆಗೆ ಕೊಡಬಹುದು ಎಂಬುದನ್ನೆಲ್ಲ ತಟ್ಟೆ ನೋಡಿ ತೀರ್ಮಾನಿಸುವ ಪದ್ಧತಿಗೆ ಅದು ಬೇಲಿಯಾಯಿತು. ಈ ಬೇಲಿಗೆ ಅದ್ವೈತದ ಹೆಸರು ಹಚ್ಚುವುದು ನನಗೆ ಸಹಿಸಲಾಗದ ಸಂಗತಿ. ಶಂಕರರದೆಂದು ಪರಂಪರೆ ಹೇಳುವ 'ಮನೀಷಾಪಂಚಕ'ದ ಆರಂಭದ ಪ್ರಶ್ನೆಯನ್ನು ನೆನೆಯಿರಿ. ದಾರಿ ಬಿಡು ಎಂದ ಬ್ರಾಹ್ಮಣನಿಗೆ ಚಂಡಾಲ ಕೇಳುತ್ತಾನೆ: "ಅನ್ನಮಯಾದನ್ನಮಯಮಥವಾ ಚೈತನ್ಯಮೇವ ಚೈತನ್ಯಾತ್." ಅನ್ನದಿಂದಾದ ಒಡಲನ್ನು ಅನ್ನದಿಂದಾದ ಒಡಲಿನಿಂದ ದೂರ ಮಾಡಬೇಕೋ, ಚೈತನ್ಯವನ್ನು ಚೈತನ್ಯದಿಂದಲೋ? ಇಬ್ಬರ ಮೈಯೂ ಉಂಡ ಅನ್ನದಿಂದಲೇ ಆದದ್ದು ಎನ್ನುವಲ್ಲಿಗೆ ಮೈಲಿಗೆಯ ಲೆಕ್ಕ ಮುಗಿಯಿತು. ಕ್ರಿ.ಶ. 1000ದ ಸುಮಾರಿಗೆ ಕಾಶ್ಮೀರದಲ್ಲಿದ್ದ ಶೈವಾದ್ವೈತದ ಆಚಾರ್ಯ ಅಭಿನವಗುಪ್ತರು ಇನ್ನೂ ಮುಂದೆ ಹೋಗಿ, ಶುದ್ಧಿ ಅಶುದ್ಧಿಗಳು ವಸ್ತುವಿನ ಗುಣಗಳೇ ಅಲ್ಲ ಎಂದರು. ಅವರ ಕೌಲಮಾರ್ಗ ಎಂಬ ತಾಂತ್ರಿಕ ಪಂಥದ ಪೂಜೆಯಲ್ಲಿ ಮದ್ಯ ಮಾಂಸಗಳಿಗೆ ಜಾಗವಿದ್ದದ್ದು ಈ ಮೈಲಿಗೆಯ ಶಂಕೆಯನ್ನು ಮುರಿಯಲೆಂದೇ. ಸ್ವಾಮಿ ವಿವೇಕಾನಂದರು ಮೀನು ಮಾಂಸ ತಿನ್ನುತ್ತಿದ್ದರು. ಧರ್ಮ ಅಡುಗೆಮನೆ ಸೇರಿಬಿಟ್ಟಿದೆ ಎಂದು ಅವರು ಮತ್ತೆ ಮತ್ತೆ ಕಿಡಿಕಾರಿದರು.

ಹೀಗೆ ಶುದ್ಧಿಯ ಪ್ರಶ್ನೆ ಸಡಿಲವಾಗುತ್ತದೆ. ಆದರೆ ಅಭಿನವಗುಪ್ತರ ಮಾತು ಕುರಿಯ ಬಗ್ಗೆ ಏನನ್ನೂ ಹೇಳಿಲ್ಲ ಎಂಬುದನ್ನು ಗಮನಿಸಬೇಕು. ಮಾಂಸ ನನ್ನನ್ನು ಕೆಡಿಸುವುದಿಲ್ಲ ಎಂದು ಸಿದ್ಧವಾದರೆ ಅದು ಕುರಿಗೆ ನೋವಾಗಲಿಲ್ಲ ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ.

ನೋವಿನ ಪ್ರಶ್ನೆಗೆ ಅದ್ವೈತದಲ್ಲಿ ಸಿಗುವ ಅತಿ ಗಟ್ಟಿಯಾದ ಆಧಾರ ಗೀತೆಯ ಆರನೆಯ ಅಧ್ಯಾಯದ 32ನೇ ಶ್ಲೋಕ. ತನ್ನನ್ನೇ ಉಪಮಾನವಾಗಿ ಇಟ್ಟುಕೊಂಡು ಎಲ್ಲೆಡೆ ಸುಖವನ್ನಾಗಲಿ ದುಃಖವನ್ನಾಗಲಿ ಸಮನಾಗಿ ಕಾಣುವವನೇ ಶ್ರೇಷ್ಠ ಯೋಗಿ ಎಂದು ಕೃಷ್ಣ ಹೇಳುತ್ತಾನೆ. ಶಂಕರರ ಭಾಷ್ಯ ಇಲ್ಲಿ ಸುತ್ತಿಬಳಸುವುದಿಲ್ಲ. ನನಗೆ ಸುಖ ಹೇಗೆ ಇಷ್ಟವೋ ಹಾಗೆ ಎಲ್ಲ ಪ್ರಾಣಿಗಳಿಗೂ ಅದು ಅನುಕೂಲ, ನನಗೆ ದುಃಖ ಹೇಗೆ ಬೇಡವೋ ಹಾಗೆ ಎಲ್ಲ ಪ್ರಾಣಿಗಳಿಗೂ ಬೇಡ ಎಂದು ಕಾಣುವವನು ಯಾರಿಗೂ ಪ್ರತಿಕೂಲವನ್ನು ಮಾಡುವುದಿಲ್ಲ, ಅವನು ಅಹಿಂಸಕ ಎಂದು ಬರೆಯುತ್ತಾರೆ. ಇಲ್ಲಿ ಏಕತ್ವದ ಅರಿವು ನೇರವಾಗಿ ನಡತೆಗೆ ಇಳಿಯುತ್ತದೆ. ನೋವು ಇನ್ನೊಂದು ಮೈಯಲ್ಲಿ ಆಗುತ್ತಿದೆ ಎಂಬ ಒಂದೇ ಕಾರಣಕ್ಕೆ ಅದರ ತೂಕ ಇಳಿಯುವುದಿಲ್ಲ ಎಂಬುದೇ ಈ ಸಮದೃಷ್ಟಿಯ ಹುರುಳು.

1893ರಲ್ಲಿ ಜರ್ಮನಿಯ ವಿದ್ವಾಂಸ ಪೌಲ್ ಡಾಯ್ಸನ್ ಮುಂಬೈಯಲ್ಲಿ ಮಾಡಿದ ಭಾಷಣದಲ್ಲಿ, ನೆರೆಯವನನ್ನು ಪ್ರೀತಿಸಬೇಕಾದ ಕಾರಣ 'ತತ್ತ್ವಮಸಿ' (ಅದೇ ನೀನು) ಎಂಬ ಉಪನಿಷತ್ತಿನ ಮಾತಿನಲ್ಲಿದೆ, ಏಕೆಂದರೆ ನೆರೆಯವನೇ ನೀನು ಎಂದರು. ಅವರದೇ ದೇಶದ ಪೌಲ್ ಹಾಕರ್ ಮುಂದೆ ಇದನ್ನು ಟೀಕಿಸಿ, ಇಂಥ ನೀತಿಶಾಸ್ತ್ರ ಹಳೆಯ ವೇದಾಂತದಲ್ಲಿ ಇರಲಿಲ್ಲ, ಅದು ಹೊಸಗಾಲದ ಜೋಡಣೆ ಎಂದು ವಾದಿಸಿದರು. ಹಾಕರ್ ಮಾತಿನಲ್ಲಿ ಸತ್ಯವಿದೆ. 'ತತ್ತ್ವಮಸಿ' ಮೋಕ್ಷಕ್ಕಾಗಿ ಹೇಳಿದ ಮಾತು, ಊಟದ ನಿಯಮಕ್ಕಾಗಿ ಅಲ್ಲ. ಆದರೂ ಆರನೆಯ ಅಧ್ಯಾಯದ ಆ ಭಾಷ್ಯವನ್ನು ಓದಿದ ಮೇಲೆ ಬೀಜವೇ ಇರಲಿಲ್ಲ ಎನ್ನಲು ನನಗೆ ಮನಸ್ಸಾಗುವುದಿಲ್ಲ.

ಬೀಜ ಇತ್ತು, ಗಿಡ ಪೂರ್ತಿ ಬೆಳೆಯಲಿಲ್ಲ. ಇದನ್ನು ಮುಚ್ಚಿಡಬಾರದು. ಛಾಂದೋಗ್ಯದ ಕಟ್ಟಕಡೆಯ ಖಂಡ ಯಾವ ಜೀವಿಯನ್ನೂ ಹಿಂಸಿಸದೆ ಬಾಳಬೇಕು ಎನ್ನುತ್ತಲೇ ಶಾಸ್ತ್ರ ಒಪ್ಪಿದ ಸಂದರ್ಭಗಳನ್ನು ಹೊರಗಿಡುತ್ತದೆ. ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದ ಮೊದಲ ಪಾದದಲ್ಲಿ ಯಜ್ಞದ ಪಶುವಧೆ ಅಶುದ್ಧವಲ್ಲವೇ ಎಂಬ ಆಕ್ಷೇಪ ಬಂದಾಗ, ವೇದವೇ ವಿಧಿಸಿದ್ದರಿಂದ ಅಶುದ್ಧವಲ್ಲ ಎಂದು ಶಂಕರರು ಸಮರ್ಥಿಸುತ್ತಾರೆ. ಅಲ್ಲಿ ಪಶುವಿನ ಕಡೆಯಿಂದ ಯಾರೂ ಮಾತಾಡುವುದಿಲ್ಲ. ಆ ಕಡೆಯಿಂದ ಮಾತಾಡಿದವರು ಬೇರೆಯವರು. 1209ರಲ್ಲಿ ಜೈನ ಕವಿ ಜನ್ನ ಬರೆದ 'ಯಶೋಧರ ಚರಿತೆ'ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟ ಸಂಕಲ್ಪಕ್ಕೇ ತಾಯಿ ಮಗ ಜನ್ಮಜನ್ಮಾಂತರ ಪ್ರಾಣಿಗಳಾಗಿ ನವೆಯುತ್ತಾರೆ. ಅದೇ 13ನೇ ಶತಮಾನದ ಮಧ್ವರ ಪರಂಪರೆ, ಯಜ್ಞದಲ್ಲಿ ಜೀವಂತ ಪಶುವಿನ ಬದಲು ಹಿಟ್ಟಿನ ಪಶು ಸಾಕು ಎಂದು ನಿಂತಿತು. ಭೇದವನ್ನು ಸಾರಿದ ದ್ವೈತಿಗಳೂ ಅನೇಕ ಜೀವಗಳನ್ನು ಒಪ್ಪಿದ ಜೈನರೂ ಪ್ರಾಣಿಯ ಕುತ್ತಿಗೆಯ ವಿಷಯದಲ್ಲಿ ಅದ್ವೈತಿಗಳಿಗಿಂತ ಮುಂದಿದ್ದರು ಎಂಬುದು ಏಕತ್ವವನ್ನು ನಂಬುವವರು ಆಗಾಗ ನೆನೆಯಬೇಕಾದ ಸಂಗತಿ. ತತ್ತ್ವ ಒಂದೇ ಸಾಲದು. ನೋವನ್ನು ನೋವೆಂದು ಕಾಣುವ ಅಭ್ಯಾಸವೂ ಬೇಕು.

ಆ ಅಭ್ಯಾಸ ಇದ್ದರೆ ಪ್ರಶ್ನೆ ಮಾಂಸಕ್ಕೆ ನಿಲ್ಲುವುದಿಲ್ಲ. ಹಾಲಿಗೆ ಬರುತ್ತದೆ. ಶುದ್ಧಿಯ ಪಟ್ಟಿಯಲ್ಲಿ ಹಾಲಿಗೆ ಮೊದಲ ಸ್ಥಾನ. ನೋವಿನ ಲೆಕ್ಕದಲ್ಲಿ ಅದರ ಸ್ಥಾನ ಎಲ್ಲಿ ಎಂದು ಕೇಳುವವರು ಕಡಿಮೆ. ಹಸು ಹಾಲು ಕೊಡಬೇಕಾದರೆ ಕರು ಹಾಕಬೇಕು. ಹುಟ್ಟುವ ಕರುಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು. ಉಳುಮೆಗೆ ಟ್ರ್ಯಾಕ್ಟರ್ ಬಂದು, ಗಬ್ಬ ಕಟ್ಟಿಸಲು ಕೃತಕ ಗರ್ಭಧಾರಣೆ ಬಂದ ಮೇಲೆ ಆ ಗಂಡು ಕರುವಿಗೆ ಕೊಟ್ಟಿಗೆಯಲ್ಲಿ ಕೆಲಸವಿಲ್ಲ. ಅದು ಕುಡಿಯುವ ಹಾಲು ಮಾತ್ರ ನಷ್ಟದ ಬಾಬ್ತು. 2019ರ ಜಾನುವಾರು ಗಣತಿಯಂತೆ ಭಾರತದಲ್ಲಿ ಇದ್ದ ಹೆಣ್ಣು ದನಗಳು ಸುಮಾರು 14.5 ಕೋಟಿ, ಗಂಡು ದನಗಳು ಸುಮಾರು 4.7 ಕೋಟಿ. ಸಮನಾಗಿ ಹುಟ್ಟಿದ್ದರಲ್ಲಿ ಉಳಿದ ಗಂಡುಗಳು ಹೆಣ್ಣಿನ ಮೂರನೆಯ ಒಂದು ಭಾಗ. ಹೊಟ್ಟೆಗಿಲ್ಲದೆ ಸೊರಗಿದವು, ಬೀದಿಗೆ ಬಿಟ್ಟವು, ಕಸಾಯಿಖಾನೆಗೆ ಹೋದವು ಈ ಅಂತರದೊಳಗೆ ಸೇರಿವೆ. ಇದರ ಹೊಣೆಯನ್ನು ಸಾಲದ ಹೊರೆಯಲ್ಲಿ ಎರಡು ಹಸು ಕಟ್ಟಿಕೊಂಡ ರೈತನ ಮೇಲೆ ಹೊರಿಸುವುದು ಅನ್ಯಾಯ. ಅಗ್ಗದ ಹಾಲು ಬೇಡಿದವರು ನಾವು. ಮೊಟ್ಟೆಯನ್ನೂ ಮುಟ್ಟದೆ ದಿನಕ್ಕೆ ಮೂರು ಬಾರಿ ಹಾಲು ಮೊಸರು ತುಪ್ಪ ಉಣ್ಣುವವರು ಶುದ್ಧಿಯ ದೃಷ್ಟಿಯಿಂದ ನಿಶ್ಚಿಂತರಾಗಿರಬಹುದು. ಆರನೆಯ ಅಧ್ಯಾಯದ 32ನೇ ಶ್ಲೋಕದ ಮುಂದೆ ಅಷ್ಟು ನಿಶ್ಚಿಂತೆಗೆ ಕಾರಣವಿಲ್ಲ.

ಇಲ್ಲಿಗೆ ಬಂದಾಗ "ಗಿಡಕ್ಕೂ ಜೀವವಿದೆಯಲ್ಲ" ಎಂಬ ಮಾತು ಬರುತ್ತದೆ. ಜೀವವಿಲ್ಲ ಎಂದು ಉತ್ತರಿಸುವುದು ಪರಂಪರೆಗೆ ಮಾಡುವ ಅಪಚಾರ. ಮರವನ್ನು ಜೀವ ವ್ಯಾಪಿಸಿದೆ ಎಂದು ಛಾಂದೋಗ್ಯದಲ್ಲಿ ಉದ್ದಾಲಕನೇ ಮಗ ಶ್ವೇತಕೇತುವಿಗೆ ಹೇಳುತ್ತಾನೆ. ಮನುಸ್ಮೃತಿಯ ಮೊದಲನೆಯ ಅಧ್ಯಾಯ ಗಿಡಮರಗಳಿಗೆ ಒಳಗೇ ಅರಿವಿದೆ, ಸುಖದುಃಖಗಳಿವೆ ಎನ್ನುತ್ತದೆ. ಆದರೂ ಕುರಿಗೂ ಕುಂಬಳಕಾಯಿಗೂ ವ್ಯತ್ಯಾಸವಿದೆ. ಕುರಿಗೆ ನೋವನ್ನು ಒಯ್ಯುವ ನರಗಳಿವೆ, ಅದನ್ನು ಅನುಭವಿಸುವ ಮೆದುಳಿದೆ, ತಪ್ಪಿಸಿಕೊಳ್ಳಲು ಅದು ಒದ್ದಾಡುತ್ತದೆ. 2012ರ ಜುಲೈ 7ರಂದು ಕೇಂಬ್ರಿಜ್‌ನಲ್ಲಿ ನರವಿಜ್ಞಾನಿಗಳ ಒಂದು ಗುಂಪು, ಪ್ರಜ್ಞೆಗೆ ಬೇಕಾದ ನರರಚನೆ ಮನುಷ್ಯನ ಸೊತ್ತು ಮಾತ್ರವಲ್ಲ, ಸಸ್ತನಿಗಳು, ಹಕ್ಕಿಗಳು, ಆಕ್ಟೋಪಸ್‌ನಂಥ ಹಲವು ಜೀವಿಗಳಲ್ಲೂ ಇದೆ ಎಂದು ಘೋಷಣೆ ಹೊರಡಿಸಿತು. ಗಿಡಗಳ ವಿಷಯದಲ್ಲಿ ಅಂಥ ಪುರಾವೆ ಇಲ್ಲ. ಒಂದು ವೇಳೆ ಗಿಡದ ನೋವನ್ನೂ ಲೆಕ್ಕಕ್ಕೆ ಹಿಡಿದರೂ ವಾದ ಮಾಂಸದ ಪರ ವಾಲುವುದಿಲ್ಲ. ಕೋಳಿಯೋ ಹಂದಿಯೋ ತನ್ನ ಮಾಂಸ ಕೊಡುವುದಕ್ಕಿಂತ ಮೊದಲು ಅದರ ಹಲವು ಪಟ್ಟು ತೂಕದ ಧಾನ್ಯವನ್ನು ತಿಂದಿರುತ್ತದೆ.

ಪೂರ್ತಿ ನೋವಿಲ್ಲದ ಊಟ ಎಂಬುದಿಲ್ಲ ಎಂಬುದನ್ನು ಮಹಾಭಾರತದ ಧರ್ಮವ್ಯಾಧ ಎಲ್ಲರಿಗಿಂತ ಚೆನ್ನಾಗಿ ಹೇಳಿದ್ದಾನೆ. ಮಿಥಿಲೆಯ ಮಾಂಸದಂಗಡಿಯವನು ಅವನು. ಬೇರೆಯವರು ಕೊಂದದ್ದನ್ನು ಮಾರುತ್ತಾನೆ, ತಾನು ತಿನ್ನುವುದಿಲ್ಲ. ತಪಸ್ವಿ ಕೌಶಿಕನಿಗೆ ಅವನು ನೇಗಿಲ ಮೊನೆಗೆ ಸಿಕ್ಕಿ ಸಾಯುವ ಜೀವಿಗಳನ್ನು ತೋರಿಸುತ್ತಾನೆ. ಕಾಳಿನಲ್ಲಿ, ನೀರಿನಲ್ಲಿ, ನಡೆವ ಹೆಜ್ಜೆಯಡಿ ಇರುವ ಜೀವಗಳನ್ನು ನೆನಪಿಸುತ್ತಾನೆ. ಲೋಕದಲ್ಲಿ ಅಹಿಂಸಕ ಎಂಬವನೇ ಇಲ್ಲ ಎನ್ನುತ್ತಾನೆ. ಇಲ್ಲಿಗೆ ನಿಲ್ಲಿಸಿದ್ದರೆ ಅದು ಏನು ಬೇಕಾದರೂ ಮಾಡಿ ಎಂಬ ಸಮರ್ಥನೆಯಾಗುತ್ತಿತ್ತು. ಅವನು ಮುಂದುವರಿಸುತ್ತಾನೆ: ಅಹಿಂಸೆಯಲ್ಲಿ ನಿರತರಾದ ಯತಿಗಳೂ ಹಿಂಸೆ ಮಾಡುತ್ತಾರೆ, ಪ್ರಯತ್ನದಿಂದ ಅದು ಕಡಿಮೆಯಾಗುತ್ತದೆ. "ಯತ್ನಾದಲ್ಪತರಾ ಭವೇತ್." ಸೊನ್ನೆಗೆ ಇಳಿಸಲಾಗದು ಎಂಬುದು ಇಳಿಸದಿರಲು ನೆಪವಲ್ಲ.

ತೈತ್ತಿರೀಯ ಉಪನಿಷತ್ತಿನ ಕೊನೆಯಲ್ಲಿ ಜ್ಞಾನಿ ಹಾಡುವ ಸಾಮಗಾನ ನನಗೆ ಇಲ್ಲಿ ಅರ್ಥವಾಗುತ್ತದೆ: "ಅಹಮನ್ನಂ, ಅಹಮನ್ನಾದಃ." ಅನ್ನವೂ ನಾನೇ, ಅನ್ನವನ್ನು ಉಣ್ಣುವವನೂ ನಾನೇ. ಏನು ತಿಂದರೂ ಒಂದೇ ಎನ್ನುವವರು ಇದರ ಎರಡನೆಯ ಅರ್ಧವನ್ನು ಮಾತ್ರ ಕೇಳಿಸಿಕೊಂಡಿದ್ದಾರೆ. ತಟ್ಟೆಯಲ್ಲಿರುವುದೂ ನಾನೇ ಎಂಬ ಮೊದಲ ಅರ್ಧವನ್ನು ಒಪ್ಪಿಕೊಂಡವರಿಗೆ ಉಣ್ಣುವುದು ನಿಲ್ಲುವುದಿಲ್ಲ, ಲೆಕ್ಕವಿಲ್ಲದೆ ಉಣ್ಣುವುದು ನಿಲ್ಲುತ್ತದೆ. ರಮಣ ಮಹರ್ಷಿಗಳು ಸಾಧಕರಿಗೆ ಹೇಳಿದ ನಿಯಮ ಮಿತವಾದ ಸಾತ್ವಿಕ ಆಹಾರ. ಆ ಎರಡು ಮಾತುಗಳಲ್ಲಿ 'ಸಾತ್ವಿಕ' ಎಲ್ಲರ ಬಾಯಲ್ಲಿದೆ, 'ಮಿತ' ಅಷ್ಟಾಗಿ ಕೇಳಿಸುವುದಿಲ್ಲ.

ಈಗ ಉಷಸ್ತಿಯ ಒರೆಗಲ್ಲಿಗೆ ಹಿಂತಿರುಗಬಹುದು. ಕಾಯಿಲೆಗೆ ವೈದ್ಯರು ಬರೆದುಕೊಟ್ಟ ಔಷಧಿಯ ಹೊರಕವಚ ಪ್ರಾಣಿಜನ್ಯವಾಗಿದ್ದರೆ ಅದನ್ನು ನುಂಗುವುದು ಕಾಳು ತಿಂದಂತೆ. ಬೇರೆ ಬೆಳೆ ಬಾರದ ಕಡಲಂಚಿನಲ್ಲಿ, ಹಿಮದ ನಾಡಿನಲ್ಲಿ, ಮರಳುಗಾಡಿನಲ್ಲಿ ಮೀನು ಮಾಂಸಗಳಿಂದ ಬದುಕುವವರದೂ ಹಾಗೆಯೇ. ಬಡ ಮನೆಯ ಮಗುವಿಗೆ ಸಿಗುವ ಒಂದೇ ಒಳ್ಳೆಯ ಪೌಷ್ಟಿಕ ಆಹಾರ ಮೊಟ್ಟೆಯಾಗಿದ್ದರೆ ಅದನ್ನು ಶುದ್ಧಿಯ ಹೆಸರಿನಲ್ಲಿ ಕಿತ್ತುಕೊಳ್ಳುವುದು ಅಹಿಂಸೆಯಲ್ಲ, ಮಗುವಿನ ಮೇಲಿನ ಹಿಂಸೆ. ಕೈಗೆಟುಕುವ ದೂರದಲ್ಲಿ ಬೇಳೆ, ಕಾಳು, ತರಕಾರಿ ಎಲ್ಲವೂ ಇರುವ ನಮ್ಮಂಥವರ ಪಾಲಿಗೆ ಮಾಂಸವೂ ಬಹುಮಟ್ಟಿಗೆ ಹಾಲೂ ಉಷಸ್ತಿ ಬೇಡವೆಂದ ನೀರಿನ ಸಾಲಿಗೆ ಸೇರುತ್ತವೆ. ಈ ಅಳತೆಯನ್ನು ಮೊದಲು ಹಚ್ಚಬೇಕಾದದ್ದು ಸ್ವಂತ ತಟ್ಟೆಗೆ. ಪಕ್ಕದವರ ತಟ್ಟೆಯಲ್ಲಿರುವುದು ಕಾಳೋ ನೀರೋ ಎಂದು ಹೇಳಲು ಅವರ ಹಸಿವು ಎಷ್ಟೆಂದು ಗೊತ್ತಿರಬೇಕು, ಆನೆಯ ಒಡೆಯನಿಗೂ ಅದು ಕೇಳಿದ ಮೇಲೆಯೇ ತಿಳಿದದ್ದು.